ಎರಡನೆಯ ಬಟನ್

ಪರದೆಯ ಮೂಲೆಯಲ್ಲಿ ಅದು ಪುಟ್ಟದಾಗಿ ಇಣುಕಿತು, ಹೊಸ ಆವೃತ್ತಿ ಸಿದ್ಧವಿದೆ, ಈಗ ಹಾಕಿಕೊಳ್ಳುವಿರೋ ಆಮೇಲೋ, ಸುರಕ್ಷತಾ ವಿಭಾಗದ ಮೇಡಂ ಓದುವ ಗೋಜಿಗೂ ಹೋಗದೆ ಆಮೇಲೆ ಎಂಬುದರ ಮೇಲೆ ಒತ್ತಿ ಅದನ್ನು ಓಡಿಸಿಬಿಟ್ಟರು, ಹೀಗೆ ಆಮೇಲೆ ಆಮೇಲೆ ಎನ್ನುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತದೆ, ಎಷ್ಟು ತಿಂಗಳಿಂದ ಮುಂದೂಡಿದ್ದಾರೋ ಏನೋ, ಲ್ಯಾಪ್‌ಟಾಪಿನ ಫ್ಯಾನು ಮೆಟ್ಟಿಲು ಹತ್ತಿ ಬಂದ ಮುದುಕನ ಹಾಗೆ ಏದುಸಿರು ಬಿಡುತ್ತಿದೆ, ಕೊಟ್ಟರೆ ಎರಡೇ ನಿಮಿಷದಲ್ಲಿ ಸರಿಮಾಡುತ್ತಾನೆ, ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಅಪ್‌ಡೇಟ್ ಎಂದು ಕರೆಯುವುದು ಸುಮ್ಮನೆ ಅಲ್ಲ— ಆದರೆ ಇವತ್ತು ಸರಿಮಾಡಲು ಕರೆದಿಲ್ಲ, ಇವತ್ತು ವಿಚಾರಣೆ, ಎಲೆಕ್ಟ್ರಿಕಲ್ ವಿಭಾಗದಿಂದ ಅವನನ್ನು ಕರೆಸಿದ್ದಾರೆ, ಮೇಜಿನ ಆಚೆ ಬದಿಗೆ ಭಾವ ಕೂತಿದ್ದಾರೆ, ಅಕ್ಕನ ಗಂಡ, ಅವನನ್ನು ಕೈಹಿಡಿದು ಈ ಕೆಲಸಕ್ಕೆ ಸೇರಿಸಿದವರು, ಎಡಗೈಗೆ ಮೊಣಕೈವರೆಗೆ ಬಿಳಿ ಬ್ಯಾಂಡೇಜು, ತುದಿಯಲ್ಲಿ ಐದು ಇರಬೇಕಾದ ಕಡೆ ಎರಡೇ ಉಬ್ಬು, ಹೆಬ್ಬೆರಳು, ಕಿರುಬೆರಳು, ನಡುವೆ ಚಪ್ಪಟೆ, ನೋಡಬೇಡ, ಪರದೆ ನೋಡು, ಪರದೆಯ ಮೇಲೆ ತಗಡು ಒತ್ತುವ ನಾಲ್ಕನೇ ನಂಬರ್ ಪ್ರೆಸ್ಸಿನ ದಾಖಲೆ ಸಾಲುಸಾಲಾಗಿ ನಿಂತಿದೆ, ಮೇಡಂ ಒಂದು ಸಾಲನ್ನು ಹಳದಿ ಮಾಡಿದರು, ಇಲ್ಲಿ ನೋಡಿ, ಅಪಘಾತಕ್ಕೆ ಹನ್ನೆರಡು ದಿನ ಮುಂಚೆ, ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ ಸೆಟ್ಟಿಂಗ್ ಬದಲಾಗಿದೆ, ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಇಳೀಬೇಕಾದ ಪ್ರೆಸ್ಸು ಅವತ್ತಿಂದ ಒಂದೇ ಬಟನ್ನಿಗೆ ಇಳೀತಾ ಇತ್ತು, ಬದಲಾಯಿಸಿರೋದು ಆಪರೇಟರ್ ಲಾಗಿನ್‌ನಿಂದ, ಅಂದ್ರೆ, ಮೇಡಂ ಗಂಟಲು ಸರಿಮಾಡಿಕೊಂಡರು, ಅಂದ್ರೆ ಇವರದೇ ಲಾಗಿನ್. ಭಾವನದು. ಒತ್ತಿದ್ದು ಅವನು. ಮಣಿಕಟ್ಟಿನ ಮೇಲೆ ವಾಚು ಗುರ್ರೆಂದಿತು, ನೀವು ಅಲುಗಾಡುತ್ತಿಲ್ಲ, ಆದರೂ ಎದೆಬಡಿತ ನೂರಿಪ್ಪತ್ತು ದಾಟಿದೆ, ಒಳ್ಳೆಯ ವಾಚು, ಈ ವಾಚನ್ನು ಅವನು ಯಾರ ಮುಂದೆ ತಾನೇ ಹೊಗಳಿಲ್ಲ, ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡ.

ಬಟನ್ ಕಡಿಮೆಯಾದಷ್ಟೂ ಯಂತ್ರಕ್ಕೆ ಚೆಂದ, ಇದು ಅವನ ಹಳೆಯ ವಾದ, ಅವನ ಮೊದಲ ಫೋನಿನ ಮೈಮೇಲೆ ಇಪ್ಪತ್ತೊಂದು ಬಟನ್ ಇದ್ದವು, ಈಗಿನದಕ್ಕೆ ಮೂರು, ಅವೂ ಹೋಗಲಿ ಎಂದು ಕಾಯುತ್ತಿದ್ದಾನೆ, ಫೋನಿನಿಂದ ಹೆಡ್‌ಫೋನ್ ತೂತು ತೆಗೆದಾಗ ಜನ ಬೊಬ್ಬೆ ಹೊಡೆದರು, ಅವನೊಬ್ಬ ಚಪ್ಪಾಳೆ ಹೊಡೆದ, ಬಾಗಿಲಿಗೆ ಪರದೆ ಅಂಟಿಸಿ ಬುದ್ಧಿವಂತ ಫ್ರಿಜ್ಜು ಎಂದು ಮಾರುವವರನ್ನು ಅದೇ ಫ್ರಿಜ್ಜಿನೊಳಗೆ ತುರುಕಿ ಬಾಗಿಲು ಹಾಕಬೇಕು, ಖಚಿತವೇ ಖಚಿತವೇ ಎಂದು ಮೂರು ಸಲ ಕೇಳುವ ಸಾಫ್ಟ್‌ವೇರ್ ಬರೆದವನ ತಲೆಯನ್ನು ಕೀಬೋರ್ಡಿಗೆ ಅಪ್ಪಳಿಸಬೇಕು, ಅಪ್ಪಳಿಸುವ ಮುಂಚೆ ಪ್ರತಿ ಸಲವೂ ಖಚಿತವೇ ಎಂದು ಕೇಳಬೇಕು— ಊಟದ ಬಿಡುವಿನಲ್ಲಿ ಹೀಗೆ ಶುರುಮಾಡಿದರೆ ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ಭಾವ ಮಾತ್ರ ಡಬ್ಬಿಯ ಮುಚ್ಚಳ ತಿರುಗಿಸುತ್ತ, ಕೇಳೋದು ಒಳ್ಳೇದೇ ಅಲ್ವೇನೋ, ಅನ್ನುತ್ತಿದ್ದರು, ನಿಮಗೆ ಅದೆಲ್ಲ ಅರ್ಥ ಆಗೋಲ್ಲ ಬಿಡಿ ಭಾವ, ಎಂದು ಅವನು ಅವರ ಬಾಯಿ ಮುಚ್ಚಿಸುತ್ತಿದ್ದ. ಆಗಲೇ ಹೊಸ ಮುಖ್ಯಸ್ಥ ಬಂದದ್ದು, ಬಿಳಿ ಶೂ ಎಂದು ಮೊದಲ ದಿನವೇ ಅಡ್ಡಹೆಸರು ಬಿತ್ತು, ಎಣ್ಣೆ ಹರಿಯುವ ನೆಲದ ಮೇಲೆ ಕಲೆಯಿಲ್ಲದ ಬಿಳಿ ಶೂ, ಭಾಷಣಕ್ಕೆ ಕೈಯಲ್ಲಿ ಚೀಟಿಯಿಲ್ಲ, ಕಿವಿಯ ಬಳಿ ಸಣ್ಣ ಮೈಕು, ಪ್ರತಿಯೊಂದು ಹೆಚ್ಚಿನ ಬಟನ್ನೂ ಮನುಷ್ಯನಿಗೆ ಮಾಡೋ ಅವಮಾನ ಕಣ್ರೀ, ಅಂದರು, ಅವನಿಗೆ ಕಣ್ಣಲ್ಲಿ ನೀರೇ ಬಂದಿತ್ತು, ನಾಯಕ ಎಂದರೆ ಹೀಗಿರಬೇಕು, ಕುರ್ಚಿ ಬಿಸಿಮಾಡುವವರಲ್ಲ, ಆ ಮಾತನ್ನು ಫೋನಿನ ಮುಖದ ಮೇಲೆ ಹಾಕಿಕೊಂಡ, ಇನ್ನೂ ಅಲ್ಲೇ ಇದೆ, ಜೇಬಿನಲ್ಲಿ, ತೊಡೆಗೆ ಒತ್ತುತ್ತಿದೆ.

ಸೆಕೆಂಡ್ ಉಳಿಸಿ ತೋರಿಸಿ ಎಂಬ ಸ್ಪರ್ಧೆ ಇಟ್ಟವರೂ ಅವರೇ, ಅವನಿಗೆ ತಲೆಗೆ ಹತ್ತಿತು, ನಾಲ್ಕನೇ ಪ್ರೆಸ್ಸಿಗೆ ಎರಡು ಬಟನ್ ಯಾಕೆ, ಕೈ ಒಳಗೆ ಹೋಗದಿರಲಿ ಎಂದು ಎರಡೂ ಕೈಗೆ ಒಂದೊಂದು ಬಟನ್ ಕೊಟ್ಟು ಕಟ್ಟಿಹಾಕಿರುವುದು, ಅಜ್ಜನ ಕಾಲದ ಬುದ್ಧಿ, ಒಂದು ಸಾಕು, ಖಾಲಿ ಕೈ ಮುಂದಿನ ತಗಡನ್ನು ಹಿಡಿದಿರಲಿ, ತಗಡಿಗೆ ಎರಡು ಸೆಕೆಂಡು ಉಳಿಯುತ್ತದೆ, ಅವನ ಸ್ವಂತ ಲಾಗಿನ್‌ನಿಂದ ಮಾಡಹೋದರೆ ಇನ್ನೊಬ್ಬರ ಒಪ್ಪಿಗೆ ಬೇಕು ಎಂದು ಸಾಫ್ಟ್‌ವೇರ್ ಹಟ ಹಿಡಿಯಿತು, ಮೇಡಂ ಅವತ್ತು ರಜೆ, ಆಪರೇಟರ್ ಲಾಗಿನ್‌ಗೆ ಆ ಕಾಟ ಇಲ್ಲ, ಡೈ ಎಂಬ ಅಚ್ಚನ್ನು ಜೋಡಿಸುವಾಗ ಬೇಕಾಗುತ್ತದೆಂದು ಬಿಟ್ಟಿರುವ ದಾರಿ ಅದು, ಭಾವ ಚಹಾಕ್ಕೆ ಹೋಗಿದ್ದರು, ಅವರ ಪಾಸ್‌ವರ್ಡ್ ಇಟ್ಟುಕೊಟ್ಟವನೇ ಅವನು, ಅಂಕಿ ನೆನಪಿರೋಲ್ಲ ಕಣೋ ಅಂದದ್ದಕ್ಕೆ ಅವರ ಮಗಳು ಹುಟ್ಟಿದ ದಿನವನ್ನೇ ಹಾಕಿದ್ದ, ನಾಲ್ಕು ಸಲ ಟಕಟಕ ಮುಗಿಯಿತು, ಹತ್ತು ನಲವತ್ತೆರಡು, ಬಿಳಿ ಶೂ ಬಂತು, ಹಿಂದೆ ಮ್ಯಾನೇಜರು, ಅವನು ಭಾವನ ಜಾಗದಲ್ಲಿ ನಿಂತು ಒಂದೇ ಕೈಯಲ್ಲಿ ಹತ್ತು ತಗಡು ಹೊಡೆದು ತೋರಿಸಿದ, ಬಿಳಿ ಶೂ ಎರಡೂ ಕೈಯೆತ್ತಿ ಚಪ್ಪಾಳೆ ಹೊಡೆದರು, ಇದಪ್ಪಾ ಅಂದ್ರೆ, ಅಂದರು, ಡಬ್ಬಿ ಬಿಚ್ಚಿ ಈ ವಾಚನ್ನು ತಾವೇ ಅವನ ಕೈಗೆ ಕಟ್ಟಿದರು, ಫೋಟೊ ತೆಗೆದರು, ಬನ್ನಿ ಎಂದು ಹೆಗಲ ಮೇಲೆ ಕೈಹಾಕಿ ಮೇಲಕ್ಕೆ ಕರೆದೊಯ್ದರು, ಮೆಟ್ಟಿಲ ಮೇಲೆ ಒಮ್ಮೆ ನೆನಪಾಯಿತು, ಸೆಟ್ಟಿಂಗ್ ವಾಪಸ್ ಹಾಕಿಲ್ಲ, ಹೆಗಲ ಮೇಲಿನ ಕೈ ಹಿತವಾಗಿತ್ತು, ಆಮೇಲೆ ಮಾಡಿದರಾಯಿತು ಅಂದುಕೊಂಡ. ಆಮೇಲೆ. ಅಂದುಕೊಂಡವನು ಅವನೇ.

ಹನ್ನೊಂದು ದಿನ ಏನೂ ಆಗಲಿಲ್ಲ, ಯಾಕೆಂದರೆ ಭಾವ ಮೂವತ್ತು ವರ್ಷದ ಅಭ್ಯಾಸದಂತೆ ಎರಡೂ ಕೈಯಲ್ಲಿ ಎರಡೂ ಬಟನ್ ಒತ್ತುತ್ತಲೇ ಇದ್ದರು, ಒಂದು ಸಾಕಾಗುತ್ತದೆ ಎಂದು ಯಾರು ಹೇಳಬೇಕು ಅವರಿಗೆ, ಅವನೂ ಮರೆತೇಬಿಟ್ಟಿದ್ದ, ಹೊಸ ವಾಚಿನಲ್ಲಿ ನಿದ್ದೆ ಎಷ್ಟು ಹೆಜ್ಜೆ ಎಷ್ಟು ಎಂದು ನೋಡುವುದರಲ್ಲೇ ಮುಳುಗಿದ್ದ, ಹನ್ನೆರಡನೆಯ ದಿನ ತಗಡೊಂದು ಓರೆಯಾಗಿ ಕೂತಿತು, ಭಾವ ಎಡಚ, ಕಾರ್ಖಾನೆಯಲ್ಲೆಲ್ಲ ಎಡಚಣ್ಣ ಎಂದೇ ಕರೆಯುವುದು, ಎಡಗೈಯನ್ನು ಡೈಯೊಳಗೆ ಹಾಕಿ ತಗಡನ್ನು ನೇರ ಮಾಡಲು ಬಾಗಿದರು, ಒಂದು ಕೈ ಒಳಗಿದ್ದರೆ ಪ್ರೆಸ್ಸು ಇಳಿಯುವುದೇ ಇಲ್ಲ, ಮೂವತ್ತು ವರ್ಷ ಇಳಿದಿಲ್ಲ, ಬಾಗಿದಾಗ ಬಲಮೊಣಕೈ ಬಲಗಡೆಯ ಬಟನ್ನಿಗೆ ತಾಗಿತು, ಬರೀ ತಾಗಿತು— ಸದ್ದು ಬೇರೆ ಥರ ಇತ್ತು, ತಗಡು ಮಾತ್ರ ಇದ್ದಾಗ ಟಣ್ಣೆನ್ನುತ್ತದೆ, ಅವತ್ತು ಧಪ್ ಎಂದಿತು, ಒದ್ದೆ ಬಟ್ಟೆ ಕಲ್ಲಿಗೆ ಬಿದ್ದ ಹಾಗೆ, ಅವನು ಪಕ್ಕದ ಪ್ಯಾನೆಲ್ಲಿನ ಮುಂದೆ ನಿಂತಿದ್ದ, ತಿರುಗಿ ನೋಡಿದ, ಭಾವ ಕಿರುಚಲಿಲ್ಲ, ಮುಖ ಸುಣ್ಣವಾಗಿತ್ತು, ಬಂದ್ ಮಾಡೋ, ಅಂದರು, ಅಷ್ಟೇ, ಬಂದ್ ಮಾಡೋ, ಕೆಂಪು ಗುಬುಟು ಗುದ್ದುವಷ್ಟರಲ್ಲಿ ಯಂತ್ರ ತನ್ನ ಕೆಲಸ ಮುಗಿಸಿತ್ತು, ತಗಡು ಹೊರಬಂತು, ಅದರ ಬೆನ್ನಿಗೇ ಬೆಲ್ಟಿನ ಮೇಲೆ ಕೈಗವಸು ಬಂತು, ಬೂದು ಬಣ್ಣದ ಕೈಗವಸು, ಅರ್ಧ ಖಾಲಿ, ಮೂರು ಬೆರಳು ಮಾತ್ರ ತುಂಬಿಕೊಂಡಿದ್ದವು, ಬೆಲ್ಟಿನ ಮೇಲಿನ ಕ್ಯಾಮೆರಾ ಕಣ್ಣಿನ ಕೆಳಗೆ ಅದು ನಿಧಾನವಾಗಿ ಹಾದುಹೋಯಿತು, ಅವನೇ ಬರೆದ ಎಣಿಕೆಯ ಸಾಫ್ಟ್‌ವೇರ್, ಎಂದೂ ತಪ್ಪದ್ದು, ಒಂಬೈನೂರ ಹನ್ನೊಂದು ಇದ್ದದ್ದು ಒಂಬೈನೂರ ಹನ್ನೆರಡಾಯಿತು, ಪಕ್ಕದಲ್ಲಿ ಹಸಿರು ದೀಪ, ಸರಿಯಿದೆ. ಒಂಬೈನೂರ ಹನ್ನೆರಡು. ಸರಿಯಿದೆ.

ಬಿಳಿ ಶೂ ಮೇಜಿನ ತಲೆಯಲ್ಲಿ ಕೂತು ಟ್ಯಾಬ್ಲೆಟ್ ನೋಡುತ್ತಿದ್ದಾನೆ— ಬಹುವಚನ ಯಾವಾಗ ಕಳಚಿಬಿತ್ತೋ ಅವನಿಗೇ ಗೊತ್ತಿಲ್ಲ— ಆ ಟ್ಯಾಬ್ಲೆಟ್ಟಿನ ಬೆನ್ನಿನ ತಗಡು ಇಲ್ಲಿಯದೇ, ನಾಲ್ಕನೇ ಡೈಯ ಸಣ್ಣ ಗೀರು ಮೂಲೆಯಲ್ಲಿ ಕಾಣುತ್ತದೆ, ಭಾವ ಹೊಡೆದದ್ದೇ ಇರಬೇಕು, ಬೆರಳಿದ್ದಾಗ, ಈ ಬಿಳಿ ಶೂಗೆ ಗೊತ್ತು, ಅವತ್ತು ಅವನು ಒಂದೇ ಕೈಯಲ್ಲಿ ಹೊಡೆದದ್ದನ್ನು ಕಣ್ಣಾರೆ ನೋಡಿದ್ದಾನೆ, ಮ್ಯಾನೇಜರಿಗೂ ಗೊತ್ತು, ಗೊತ್ತಿದ್ದೂ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದಾನೆ, ಈ ಬಿಳಿ ಶೂವಿನ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋಗಬೇಕು, ಆ ಹತ್ತೊಂಬತ್ತು ಮೆಟ್ಟಿಲ ಮೇಲೂ ತಲೆ ಬಡಿಯಲಿ, ಎಣ್ಣೆಯಲ್ಲಿ ಆ ಶೂ ಉರುಳಾಡಲಿ, ಡೈಯೊಳಗೆ ಎರಡೂ ಕೈ ಹಾಕಿಸಬೇಕು, ಚಪ್ಪಾಳೆ ಹೊಡೆಯುವ ಭಂಗಿಯಲ್ಲೇ, ಒಂದೇ ಬಟನ್ ಸಾಕಲ್ವಾ ಸಾರ್, ಹೆಚ್ಚಿನ ಬಟನ್ ಅವಮಾನ ಅಲ್ವಾ ಸಾರ್, ಎಂದು ಕೇಳಿ ಒತ್ತಬೇಕು, ಧಪ್, ಮೂಳೆ ಬೇರೆ ಉಗುರು ಬೇರೆ, ಹಸಿರು ದೀಪ, ಒಂಬೈನೂರ ಹದಿಮೂರು, ಆಮೇಲೆ ತನ್ನದು, ತನ್ನ ಈ ಬಲಗೈ, ವಾಚು ಕಟ್ಟಿದ ಕಡೆಯಿಂದಲೇ, ಗಾಜು ಪುಡಿಯಾಗಿ ಮಾಂಸದೊಳಗೆ ಹೋಗಲಿ, ಹಲ್ಲು ಕಡಿದು ಕಡಿದು ದವಡೆ ನೋಯುತ್ತಿದೆ, ವಾಚು ಮತ್ತೆ ಗುರ್ರೆಂದಿತು, ನೂರ ಮೂವತ್ತನಾಲ್ಕು, ದೀರ್ಘವಾಗಿ ಉಸಿರಾಡಿ. ಅವತ್ತು ಆಸ್ಪತ್ರೆಯ ಹೊರಗೆ ಅಕ್ಕ ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಭಾವನ ಚಪ್ಪಲಿ, ಯಾಕೋ ಅದನ್ನು ಕೆಳಗಿಡುತ್ತಲೇ ಇರಲಿಲ್ಲ, ಯಾಕೋ ಹೀಗಾಯ್ತು, ನೀನು ಅಲ್ಲೇ ಇದ್ದೆಯಲ್ಲ, ನಿನಗೆ ಆ ಯಂತ್ರದ್ದೆಲ್ಲ ಗೊತ್ತಲ್ಲ, ಯಾಕೋ, ಅವನು ನೋಡ್ತೀನಿ ಅಕ್ಕ ಅಂದ, ದಾಖಲೆ ನೋಡಿದರೆ ಗೊತ್ತಾಗುತ್ತೆ ಅಂದ, ನಾಲಿಗೆ ಯಾಕೆ ಸೀದುಹೋಗಲಿಲ್ಲವೋ.

ನೀವೇನಾದ್ರೂ ಹೇಳೋದಿದೆಯಾ, ಮೇಡಂ ಭಾವನನ್ನು ಕೇಳಿದರು, ಭಾವ ಕುರ್ಚಿಯಲ್ಲಿ ಮುಂದಕ್ಕೆ ಸರಿದರು, ಹೇಳುತ್ತಾರೆ, ನಾನಲ್ಲ ಎನ್ನುತ್ತಾರೆ, ಎನ್ನಲಿ, ಎಂದರೆ ಅವನೂ ಬಾಯಿಬಿಡುತ್ತಾನೆ, ಒಂದು ತಳ್ಳು ಸಾಕು, ಅಷ್ಟೇ ಬೇಕಾಗಿರುವುದು— ನನಗೆ ನೆನಪೇ ಇಲ್ಲ ಮೇಡಂ, ಅಂದರು ಭಾವ, ಎಷ್ಟು ಯೋಚನೆ ಮಾಡಿದ್ರೂ ನಾನು ಅದನ್ನ ಒತ್ತಿದ್ದು ನೆನಪಾಗ್ತಿಲ್ಲ, ಆಸ್ಪತ್ರೇಲಿ ಮಲಗಿ ಅದನ್ನೇ ಯೋಚನೆ ಮಾಡಿದೀನಿ, ಆದ್ರೆ ನನ್ನ ಹೆಸರೇ ಇದೆ ಅಂದಮೇಲೆ ನಾನೇ ಒತ್ತಿರಬೇಕು, ಕೈ ತಪ್ಪಿ ಒತ್ತಿರ್ತೀನಿ, ನಮ್ಮ ಹುಡುಗ ಯಾವಾಗಲೂ ಹೇಳ್ತಾನೆ, ಮನುಷ್ಯ ಮರೀತಾನೆ, ಯಂತ್ರ ಸುಳ್ಳು ಹೇಳೋಲ್ಲ ಅಂತ, ಹೇಳಿ ಅವನ ಕಡೆ ತಿರುಗಿ ನಕ್ಕರು, ಕ್ಷಮೆ ಕೇಳುವವರ ನಗೆ, ನಿನ್ನ ಯಂತ್ರಕ್ಕೆ ಕೆಟ್ಟ ಹೆಸರು ತಂದೆ ಕಣೋ ಎನ್ನುವ ಹಾಗೆ, ಅವರ ಕೆಲಸ ಹೋಗುವುದು ಹಾಗಿರಲಿ, ಈ ಮನುಷ್ಯ ಸಾಯುವವರೆಗೂ ತನ್ನ ಬೆರಳನ್ನು ತಾನೇ ಕತ್ತರಿಸಿಕೊಂಡ ಪೆದ್ದ ನಾನು ಎಂದು ನಂಬಿಕೊಂಡು ಬದುಕುತ್ತಾರೆ, ಬೆಳಿಗ್ಗೆ ಅಂಗಿಯ ಗುಂಡಿ ಹಾಕಲಾಗದಾಗಲೆಲ್ಲ ನೆನೆಯುತ್ತಾರೆ, ನಾನೇ ಒತ್ತಿದೆ, ನಾನೇ. ಹೇಳು, ಈಗ ಹೇಳು, ನಾಲ್ಕೇ ಶಬ್ದ, ಭಾವ ಅದು ಒತ್ತಿದ್ದು ನಾನು, ಬಿಳಿ ಶೂ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಾನೆ, ಕೋಪವಿಲ್ಲ, ಬೆದರಿಕೆಯಿಲ್ಲ, ಅವತ್ತು ಹೆಗಲ ಮೇಲೆ ಕೈ ಇಟ್ಟಾಗ ಇದ್ದ ಅದೇ ಹಿತವಾದ ಮುಖ, ಹಾಗಾದ್ರೆ ಬೇಗ ಮುಗಿಸೋಣ, ಅಂದ, ವರದಿ ಸರಿಯಿದೆ ಅನ್ನೋರು ಕೈ ಎತ್ತಿ.

ಮ್ಯಾನೇಜರು ಎತ್ತಿದ, ಮೇಡಂ ಒಂದು ಗಳಿಗೆ ತಡೆದು ಎತ್ತಿದರು, ಭಾವನೂ ಎತ್ತುತ್ತಿದ್ದಾರೆ, ಎಡಚ ಅಲ್ಲವೇ, ಅಭ್ಯಾಸಬಲ, ಬ್ಯಾಂಡೇಜಿನ ಕೈಯೇ ಮೇಲೆ ಹೋಯಿತು, ನೋವಿಗೆ ತುಟಿ ಕಚ್ಚಿಕೊಂಡರು, ಇಳಿಸಲಿಲ್ಲ, ಎಲ್ಲರೂ ಈಗ ಅವನನ್ನು ನೋಡುತ್ತಿದ್ದಾರೆ, ನೀವು, ಅಂದರು ಮೇಡಂ, ಎಲೆಕ್ಟ್ರಿಕಲ್ ವಿಭಾಗದಿಂದ ನಿಮ್ಮದೊಂದು ಒಪ್ಪಿಗೆ ಬೇಕು, ಖಚಿತವೇ, ಯಾರಾದರೂ ಖಚಿತವೇ ಎಂದು ಕೇಳಬಾರದೇ, ಒಂದು ಸಲ, ಮೂರು ಸಲ, ಯಾರೂ ಕೇಳಲಿಲ್ಲ, ಕಾಲು ಎದ್ದು ನಿಲ್ಲಲಿಲ್ಲ, ಕೈ ಯಾರ ಕೊರಳಪಟ್ಟಿಗೂ ಹೋಗಲಿಲ್ಲ, ಮೇಜಿನ ಅಂಚಿನಿಂದ ಬಲಗೈ ತಾನಾಗಿ ಮೇಲೇರುತ್ತಿದೆ, ಅವನು ಅದನ್ನು ನೋಡುತ್ತಿದ್ದಾನೆ, ಅಂಗಿಯ ತೋಳು ಜಾರಿ ವಾಚು ಹೊರಬಂತು, ಅದರ ಮೇಲೆ ಐದು ಬೆರಳು, ಐದೂ ನೆಟ್ಟಗೆ, ಆಚೆಯಿಂದ ಭಾವ ಹೌದಪ್ಪಾ ಎಂಬಂತೆ ಮೆಲ್ಲಗೆ ತಲೆಯಾಡಿಸಿದರು, ಮೇಡಂ ಎಣಿಸಿದರು, ಪರದೆಯ ಮೇಲೆ ಏನೋ ಹಸಿರಾಯಿತು, ಅವನ ತಲೆಯೊಳಗೆ ಬೆಲ್ಟು ಹೊರಟಿತು, ಬಂದ್ ಮಾಡೋ, ಬೂದು ಕೈಗವಸು, ಮೂರು ಬೆರಳು ತುಂಬಿದ್ದು, ಕಣ್ಣಿನ ಕೆಳಗೆ, ನಿಧಾನವಾಗಿ, ಬಂದ್ ಮಾಡೋ, ಕೈಗವಸು, ಸರಿಯಿದೆ, ಕೈಗವಸು