ತಲೆಕೆಳಗಾದ ಒಂಬತ್ತನೇ ಪ್ಯಾನೆಲ್

ಹಗಲೆಲ್ಲ ಬಿಸಿಲು ಕುಡಿದು ಕರೆಂಟು ಕೊಡುವ ಸೋಲಾರ್ ಪ್ಯಾನೆಲ್‌ಗೆ, ಕತ್ತಲೆ ಕೋಣೆಯಲ್ಲಿ ನಾವೇ ಕರೆಂಟು ಕುಡಿಸಿದರೆ ಅದು ಬೆಳಕು ಬಿಡುತ್ತದೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ವಿಶೇಷ ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಅತ್ತಿಗೆಯ ಕಾರ್ಖಾನೆಯಲ್ಲಿ ನನ್ನ ಕೆಲಸ ಅದರ ಫೋಟೋ ತೆಗೆಯುವುದು. ಎರಡು ವರ್ಷವಾಯಿತು, ಇವತ್ತಿಗೂ ಗುಂಡಿ ಒತ್ತುವ ಮೊದಲು ಉಸಿರು ಬಿಗಿ ಹಿಡಿಯುತ್ತೇನೆ.

ಕಾರ್ಖಾನೆ ಅನ್ನುವುದು ದೊಡ್ಡ ಮಾತು. ಒಂದು ಉದ್ದನೆಯ ಕೋಣೆ, ಎರಡು ಮೇಜು, ಗಾಜನ್ನೂ, ಬಿಸಿಲನ್ನು ಕರೆಂಟು ಮಾಡುವ ಸೆಲ್ಲುಗಳನ್ನೂ ಕಾಯಿಸಿ ಅಂಟಿಸುವ ಒಂದು ಪ್ರೆಸ್ಸು, ಬೆಸುಗೆ ಹಾಕುವ ಐದು ಜನ ಹೆಂಗಸರು. ಸರ್ಕಾರಿ ಆಸ್ಪತ್ರೆಯ ಮಾಳಿಗೆಗೆ ಇಪ್ಪತ್ನಾಲ್ಕು ಪ್ಯಾನೆಲ್ ಕೊಡುವ ಕೆಲಸ ನಮಗೆ ಸಿಕ್ಕಿತ್ತು. ಸರ್ಕಾರದ ದುಡ್ಡಿನ ಕೆಲಸಕ್ಕೆ ಒಂದು ನಿಯಮವಿದೆ: ಪ್ಯಾನೆಲ್ ದೇಶದೊಳಗೇ ತಯಾರಾಗಿರಬೇಕು, ಒಳಗಿನ ಸೆಲ್ ಕೂಡ ಇಲ್ಲಿಯದೇ ಆಗಿರಬೇಕು. ಗಾಜು ಹೊರಗಿನದಾದರೆ ಅಡ್ಡಿಯಿಲ್ಲ, ಪ್ರೆಸ್ಸು ಹೊರಗಿನದಾದರೂ ಅಡ್ಡಿಯಿಲ್ಲ. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರದೆ ಎಲ್ಲೋ ಒಂದು ಗಿಳಿಯೊಳಗಿರುತ್ತಿತ್ತು. ನಿಯಮ ಬರೆದವರೂ ಪ್ಯಾನೆಲ್ಲಿನ ಪ್ರಾಣ ಎಲ್ಲಿದೆ ಅಂತ ಹುಡುಕಿ ಸೆಲ್ಲಿನ ಮೇಲೆ ಬೆರಳಿಟ್ಟಿದ್ದರು.

ಆ ದಿನ ಹನ್ನೊಂದು ಗಂಟೆಗೆ ತಪಾಸಣೆ ಅಧಿಕಾರಿ ಬರುವವರಿದ್ದರು. ಅವರು ಒಪ್ಪಿದರೆ ಕೆಲಸ ನಮ್ಮದು. ಒಪ್ಪದಿದ್ದರೆ ಸರ್ಕಾರಿ ಪಟ್ಟಿಯಿಂದ ನಮ್ಮ ಹೆಸರೇ ಹೋಗುತ್ತಿತ್ತು, ಐದು ಜನರ ಕೈಗೆ ಕೆಲಸವಿರುತ್ತಿರಲಿಲ್ಲ.

ಬೆಳಗ್ಗೆ ಎಂಟರಿಂದ ನಾನು ಫೋಟೋ ತೆಗೆಯುತ್ತ ಕೂತಿದ್ದೆ. ಯಾವುದು ಯಾರು ಮಾಡಿದ್ದು ಅನ್ನಲು ನನಗೆ ನಂಬರ್ ನೋಡುವ ಅಗತ್ಯವೇ ಬೀಳುವುದಿಲ್ಲ. ಬೆಸುಗೆ ಸಡಿಲವಾದಲ್ಲಿ ಫೋಟೋದಲ್ಲಿ ಕಪ್ಪು ಮಚ್ಚೆ ಮೂಡುತ್ತದೆ, ಒಬ್ಬೊಬ್ಬರ ಮಚ್ಚೆ ಒಂದೊಂದು ಥರ. ದೊಡ್ಡಮ್ಮ ಎಲ್ಲರಿಗಿಂತ ಹಿರಿಯರು, ಕಾವಲಿಯ ಮೇಲೆ ರೊಟ್ಟಿ ಒತ್ತಿದ ಹಾಗೆ ಒತ್ತುತ್ತಾರೆ. ನಾವು ಬಡಬಡಿ ಅಂತ ಕರೆಯುವವಳು ಮಾತಿನ ಮಧ್ಯೆ ಕೈ ಎತ್ತಿ ಅಲ್ಲಲ್ಲಿ ಬಾಲ ಬಿಡುತ್ತಾಳೆ. ಎಲ್ಲ ಲೆಕ್ಕಕ್ಕೆ ಬರದಷ್ಟು ಸಣ್ಣ ತಪ್ಪುಗಳು.

ಹದಿನೇಳನೆಯದರಲ್ಲಿ ಒಂದೂ ಮಚ್ಚೆಯಿರಲಿಲ್ಲ. ಹದಿನೆಂಟರಲ್ಲೂ ಇಲ್ಲ.

ಅಜ್ಜಿಯ ಇನ್ನೊಂದು ಕತೆಯಲ್ಲಿ ರಾಕ್ಷಸಿ ತಾಯಿಯ ರೂಪ ತಾಳಿ ಮನೆಗೆ ಬರುತ್ತಾಳೆ. ಅದೇ ಕಣ್ಣು, ಅದೇ ದನಿ. ಮಗು ಮಾತ್ರ ಹತ್ತಿರ ಹೋಗುವುದಿಲ್ಲ. ಇವಳ ಜೋಗುಳ ಎಲ್ಲೂ ತಪ್ಪುವುದಿಲ್ಲ ಅನ್ನುತ್ತದೆ. ಈ ಎರಡರ ಜೋಗುಳವೂ ಎಲ್ಲೂ ತಪ್ಪಿರಲಿಲ್ಲ.

“ಅತ್ತಿಗೆ, ಹದಿನೇಳು, ಹದಿನೆಂಟು ಯಾರು ಮಾಡಿದ್ದು?”

ಅತ್ತಿಗೆ ಒಳಗೆ ಬಂದು ಬಾಗಿಲು ಹಾಕಿದರು. “ಮೆತ್ತಗೆ ಮಾತಾಡೇ. ನಮ್ಮವು ಎರಡು ಪ್ರೆಸ್ಸಲ್ಲಿ ಸುಟ್ಟುಹೋದ್ವು. ಇಲ್ಲಿಯ ಸೆಲ್ ಬರೋದು ಮುಂದಿನ ವಾರ. ಅಂಗಡಿಯಿಂದ ಫಾರಿನ್‌ದು ಎರಡು ತಂದು ನಮ್ಮ ಸ್ಟಿಕ್ಕರ್ ಅಂಟಿಸ್ದೆ.”

“ಫೋಟೋ ನೋಡಿದ್ರೆ ಗೊತ್ತಾಗುತ್ತಲ್ಲ!”

“ನಿನಗೆ ಗೊತ್ತಾಗುತ್ತೆ, ಅವರಿಗೆಲ್ಲಿ? ಆದ್ರೂ ಇಷ್ಟು ಚೆನ್ನಾಗಿದೆ ಅಂತ ಅನುಮಾನ ಬಂದರೆ ಕಷ್ಟ. ಒಂಬತ್ತರದ್ದೂ ಹನ್ನೆರಡರದ್ದೂ ಫೋಟೋ ತಲೆಕೆಳಗೆ ಮಾಡಿ, ಹದಿನೇಳು, ಹದಿನೆಂಟು ಅಂತ ನಂಬರ್ ಹಾಕಿ ಇಡು. ಮಾಡ್ತೀಯೋ ಇಲ್ವೋ?”

ಮಾಡಿದೆ.

ಅಧಿಕಾರಿ ಸ್ಟಿಕ್ಕರ್ ಓದಿ ರುಜು ಹಾಕಿ ಹೊರಡುವ ಜಾತಿಯವರಲ್ಲ. ಕನ್ನಡಕ ಹಣೆಗೇರಿಸಿ ಮೊದಲ ಫೋಟೋಗೆ ಕಣ್ಣು ಹತ್ತಿರ ತಂದರು. “ಈ ಕಪ್ಪು ಮಚ್ಚೆ ಏನಮ್ಮ?”

“ಬೆಸುಗೆ ಹಾಕಿದ ಕೈ ಸರ್,” ಅಂದೆ. “ಒಬ್ಬೊಬ್ಬರದು ಒಂದೊಂದು.”

“ಹೌದಾ? ಹಾಗಾದ್ರೆ ಇದು ಯಾರದು?”

ಕೇಳಬಾರದಾಗಿತ್ತು. ಹೆಂಗಸರೆಲ್ಲ ಕೆಲಸ ಬಿಟ್ಟು ಮೇಜಿಗೆ ಮುತ್ತಿಕೊಂಡರು. ತಮ್ಮ ಕೈಯ ಫೋಟೋವನ್ನು ಅವರು ಯಾವತ್ತೂ ನೋಡಿರಲಿಲ್ಲ.

“ಅಯ್ಯೋ, ಬಾಲ ನೋಡ್ರೇ! ಇದು ಬಡಬಡಿದು!”

“ನಿಂದೇನು ಕಮ್ಮಿನಾ? ಇಲ್ನೋಡು, ಇರುವೆ ಸಾಲು ಹೋದ ಹಾಗಿದೆ!”

ಅಧಿಕಾರಿಗೂ ಆಟ ಹಿಡಿಸಿತು. ಹತ್ತು, ಹನ್ನೊಂದು, ಹದಿನಾರು. ಅವರು ತಾವೇ ಊಹಿಸಿ ಹೇಳತೊಡಗಿದರು, ಸರಿ ಬಂದಾಗ ನಕ್ಕರು. ಅತ್ತಿಗೆ ಎರಡು ಸಲ “ಕಾಫಿ ತಣ್ಣಗಾಗುತ್ತೆ ಸರ್” ಅಂದರು. ಹದಿನೇಳನೆಯದು ಮೇಲೆ ಬಂತು.

ದೊಡ್ಡಮ್ಮ ಕತ್ತು ವಾಲಿಸಿದರು. ಆಮೇಲೆ ಕಾಗದವನ್ನೇ ತಿರುಗಿಸಿದರು. “ಇದು ಆಗಲೇ ನೋಡಿದ್ವಲ್ಲ? ನನ್ನದೇ ಇದು. ಈ ಮೂರು ಚುಕ್ಕೆ, ಸೊಸೆ ಫೋನ್ ಬಂತು ಅಂತ ಎದ್ದು ಹೋದಾಗ ಬಿದ್ದಿದ್ದು. ನನ್ನದನ್ನ ಯಾಕೇ ತಲೆಕೆಳಗೆ ಮಾಡಿದ್ದೀಯ?”

ಅಧಿಕಾರಿ ನೋಡಿ ಮುಗಿಸಿದ ಫೋಟೋಗಳಲ್ಲಿ ಒಂಬತ್ತನೆಯದನ್ನು ಹುಡುಕಿ ತೆಗೆದು ಪಕ್ಕದಲ್ಲಿಟ್ಟರು. ಅದೇ ಮೂರು ಚುಕ್ಕೆ.

“ನಾನೇ ಸರ್…” ಅಂದೆ.

“ಅವಳದೇನಿಲ್ಲ,” ಅಂದರು ಅತ್ತಿಗೆ. “ನಾನು ಹೇಳಿದ್ದು, ಅವಳು ಮಾಡಿದ್ದು. ಹದಿನೇಳು, ಹದಿನೆಂಟು ನಮ್ಮವಲ್ಲ.” ಸುಟ್ಟ ಎರಡು ಪ್ಯಾನೆಲ್‌ಗಳನ್ನು ಮೂಲೆಯಿಂದ ಎಳೆದು ತಂದು ತೋರಿಸಿದರು.

ಅಧಿಕಾರಿ ಸುಟ್ಟ ಅಂಚನ್ನು ಉಗುರಿನಲ್ಲಿ ಕೆರೆದು ನೋಡಿದರು. “ಒಂದು ವಾರ ಹೆಚ್ಚಿಗೆ ಬೇಕು ಅಂತ ಒಂದು ಸಾಲು ಬರೆದು ಕೊಟ್ಟಿದ್ರೆ ಕೊಡ್ತಿದ್ವಲ್ಲಮ್ಮ. ಅದಕ್ಕೂ ನಿಯಮ ಇದೆ.”

“ಕೇಳಬಹುದು ಅಂತಲೇ ಗೊತ್ತಿರಲಿಲ್ಲ ಸರ್. ನಿಯಮ ಅಂದ್ರೆ ಬರೀ ಬೇಡ ಅನ್ನೋದು ಅಂದ್ಕೊಂಡಿದ್ದೆ.”

ಅವರು ಬಹಳ ಹೊತ್ತು ಬರೆದರು. “ಇಪ್ಪತ್ತೆರಡು ಇಲ್ಲೇ ಆಗಿದೆ. ಕೈಗಳನ್ನೇ ನೋಡಿದ ಮೇಲೆ ನನಗೆ ಅನುಮಾನ ಇಲ್ಲ. ಉಳಿದ ಎರಡನ್ನ ಸೆಲ್ ಬಂದ ಮೇಲೆ ನನ್ನ ಮುಂದೆ ಮಾಡಿ. ಆಸ್ಪತ್ರೆ ಕೆಲಸ ನಿಮಗೇ ಉಳಿಯುತ್ತೆ. ಆದರೆ ಸ್ಟಿಕ್ಕರ್ ವಿಷಯ ಬರೆಯದೆ ಇರೋಕೆ ಆಗಲ್ಲ. ಒಂದು ವರ್ಷ ಸರ್ಕಾರದ ಹೊಸ ಕೆಲಸಕ್ಕೆ ನೀವು ಅರ್ಜಿ ಹಾಕೋ ಹಾಗಿಲ್ಲ.”

ಅವರು ಹೋದ ಮೇಲೆ ದೊಡ್ಡಮ್ಮ ಹಣೆ ಚಚ್ಚಿಕೊಂಡರು. “ನನ್ನ ಬಾಯಿಗೆ ಮಣ್ಣು ಹಾಕ.”

“ಬಿಡಿ ದೊಡ್ಡಮ್ಮ,” ಅತ್ತಿಗೆ ಸ್ಟೂಲಿನ ಮೇಲೆ ಕುಸಿದು ಕೂತರು. “ನಿಮ್ಮ ಕೈ ನೀವು ಗುರುತಿಸಿದ್ರಿ. ಮನೆಗಳ ಮಾಳಿಗೆ ಇದಾವಲ್ಲ, ಒಂದು ವರ್ಷ ಮನೆಮನೆ ಬಾಗಿಲು ತಟ್ಟೋಣ. ಬಡಬಡಿನ ಮುಂದೆ ಬಿಡೋಣ, ಯಾರೂ ಬೇಡ ಅನ್ನೋಕೆ ಸಂದೇ ಸಿಗಲ್ಲ.”

ಬಡಬಡಿ ಮೊದಲ ಸಲ ಮಾತಿಲ್ಲದೆ ನಕ್ಕಳು.

ನಾನು ಹದಿನೇಳರ ಸ್ಟಿಕ್ಕರ್ ಕೀಳುತ್ತಿದ್ದಾಗ ದೊಡ್ಡಮ್ಮ ಮೆಲ್ಲಗೆ ಪಕ್ಕಕ್ಕೆ ಬಂದರು. “ಇದರ ನಿಜವಾದ ಫೋಟೋ ಇದೆಯೇನೇ?”

ತೋರಿಸಿದೆ. ಅವರು ಸೆಲ್ಲಿನಿಂದ ಸೆಲ್ಲಿಗೆ ಬೆರಳಾಡಿಸಿದರು. “ಒಂದೂ ತಪ್ಪಿಲ್ಲ! ಯಾರ ಕೈಯೋ ಏನೋ.”

“ಕೈಯಲ್ಲ ದೊಡ್ಡಮ್ಮ, ಯಂತ್ರ ಮಾಡಿದ್ದು.”

“ಯಂತ್ರಕ್ಕೆ ಸೆಲ್ ತುಂಬೋಳು ಒಬ್ಬಳು ಇರ್ತಾಳಲ್ಲ. ಅವಳಿಗೂ ಮಧ್ಯೆ ಫೋನ್ ಬರಲ್ವಾ?” ಕನ್ನಡಕ ಸರಿಮಾಡಿಕೊಂಡು, ಸ್ಟೂಲೊಂದನ್ನು ಎಳೆದುಕೊಂಡು ಕೂತರು. “ಸ್ವಲ್ಪ ದೊಡ್ಡದು ಮಾಡು, ನೋಡೋಣ.”