ಒರೆಸದ ಎಲೆ

ಬಳ್ಳಿಯಲ್ಲಿ ಸೌತೆ ಮಿಡಿ ಕಚ್ಚಿದ ಹೊತ್ತಿಗೇ ಎಲೆ ಮಂಕಾದರೆ ಯಾರಿಗೆ ತಾನೇ ನೆಮ್ಮದಿ? ಸೂಜಿಯಲ್ಲಿ ಚುಚ್ಚಿದಂತೆ ಎಲೆ ತುಂಬ ಬಿಳಿ ಚುಕ್ಕೆ, ಅಂಚೆಲ್ಲ ಹಳದಿ. ಇರುವ ತುಂಡು ಹೊಲಕ್ಕೆಲ್ಲ ಈ ಸಲ ಸೌತೆಯನ್ನೇ ಹಾಕಿದ್ದರು. ಬಳ್ಳಿ ಹೋದರೆ ಸಂತೆಗೆ ಒಯ್ಯಲು ಬೇರೇನೂ ಇಲ್ಲ.

ಆ ಹೊಲದ ಯಜಮಾನರನ್ನು ಎಲ್ಲರೂ ಕರೆಯುವುದು ಪಂಪ್ ಮಾವ ಎಂದು. ಎಲೆ ಬಾಡಿದರೂ ಔಷಧಿ ಹೊಡೆಯುವ ಪಂಪು, ಹುಳ ಕಂಡರೂ ಪಂಪು. ಅಂದು ಬೆಳಿಗ್ಗೆಯೂ ಔಷಧಿ ಕಲಸಲು ಬಕೆಟ್ ಹುಡುಕುತ್ತಿದ್ದರು.

"ಸ್ವಲ್ಪ ತಡೀರಿ ಮಾವ," ಎನ್ನುತ್ತ ಬೇಲಿ ದಾಟಿ ಬಂದಳು ಪಕ್ಕದ ಮನೆಯ ಕೃಷಿ ಕಾರ್ಯಕರ್ತೆ. "ಯಾವ ರೋಗಕ್ಕೆ ಹೊಡೀತಿದ್ದೀರಿ?"

"ಯಾವುದಿದ್ರೆ ಅದಕ್ಕೆ."

"ಜ್ವರಾನೋ ಹೊಟ್ಟೆನೋವೋ ಕೇಳದೆ ನಿಮಗೆ ಸೂಜಿ ಚುಚ್ಚಿದ್ರೆ ಸುಮ್ನಿರ್ತೀರಾ? ಮೊದ್ಲು ಫೋನಿಗೆ ತೋರಿಸೋಣ. ಕೃತಕ ಬುದ್ಧಿಮತ್ತೆ ಅಂತ ಬಂದಿದೆಯಲ್ಲ, ಅದು ಸಾವಿರಾರು ಎಲೆಗಳ ಫೋಟೋ ನೋಡಿ ಪಳಗಿದೆ. ನಮ್ಮ ಎಲೆ ನೋಡಿ, ಇಂಥದ್ದಿರಬಹುದು ಅನ್ನುತ್ತೆ. ಓದಕ್ಕೆ ಬರದಿದ್ರೂ ಸರಿ, ಕನ್ನಡದಲ್ಲೇ ಮಾತಾಡಿ ಕೇಳಬಹುದು."

"ಮಾತಾಡೋಕೆ ಮನೇಲಿ ನಿಮ್ಮತ್ತೆ ಇದ್ದಾಳಲ್ಲ, ಸಾಲದಾ?"

"ನನ್ನ ಮಾತು ಯಾವತ್ತು ಕೇಳಿದ್ರಿ? ಫೋನಿನ ಮಾತಾದ್ರೂ ಕೇಳಿ," ಎಂದು ಒಳಗಿಂದ ಬಂದ ಮಾವನ ಹೆಂಡತಿ ತಾವೇ ಹೋಗಿ ಎಲೆ ಕಿತ್ತು ತಂದರು.

ಕಾರ್ಯಕರ್ತೆ ಫೋಟೋ ತೆಗೆದಳು. ಫೋನು ನಿಧಾನವಾಗಿ ಹೇಳಿತು: "ಎಲೆಯಲ್ಲಿ ರೋಗದ ಲಕ್ಷಣ ಕಾಣುತ್ತಿಲ್ಲ."

ಮಾವ ಬಕೆಟ್ ಕೆಳಗಿಟ್ಟು ನಕ್ಕರು. "ನಿನ್ನ ಡಾಕ್ಟರಿಗೆ ಮೊದ್ಲು ಕನ್ನಡಕ ಹಾಕ್ಸಮ್ಮ."

ಅವಳು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಸ ತಟ್ಟೆಯಂತೆ ಹೊಳೆಯುತ್ತಿತ್ತು. "ಅತ್ತೆ, ಇದಕ್ಕೇನು ಮಾಡಿದ್ರಿ?"

"ಫೋಟೋ ಅಂದ್ಯಲ್ಲ. ಚೆನ್ನಾಗಿರೋದನ್ನೇ ಆರಿಸಿ, ಒದ್ದೆ ಬಟ್ಟೇಲಿ ಎರಡೂ ಕಡೆ ಒರೆಸಿ ತಂದೆ."

ಸಂತೆಗೆ ಹೋಗುವ ಒಂದೊಂದು ಸೌತೆಯನ್ನೂ ಒರೆಸಿ ಬುಟ್ಟಿಗೆ ಜೋಡಿಸುವ ಕೈ ಅದು. ಎಲೆಯನ್ನು ಬಿಟ್ಟೀತೆ?

"ಕೆಮ್ಮನ್ನ ಮನೇಲಿ ಬಿಟ್ಟು ಡಾಕ್ಟರ ಹತ್ರ ಹೋದ ಹಾಗಾಯ್ತು. ಬನ್ನಿ, ಬಳ್ಳಿ ಹತ್ರಾನೇ ಹೋಗೋಣ."

ಈ ಸಲ ತೀರಾ ಕೆಟ್ಟ ಎಲೆಯನ್ನೇ ಹುಡುಕಿದರು. ಒರೆಸಲಿಲ್ಲ. ಮಗುಚಿ ಹಿಡಿದು, ಹತ್ತಿರದಿಂದ ಕೆಳಗಿನ ಮೈ ಫೋಟೋ ತೆಗೆದರು.

"ನುಸಿ ಇರಬಹುದು. ಎಲೆಯ ಕೆಳಗೆ ಸಣ್ಣ ಬಲೆಯಿದೆಯೇ, ಚುಕ್ಕೆಗಳು ಓಡಾಡುತ್ತಿವೆಯೇ ನೋಡಿ," ಎಂದಿತು ಫೋನು.

ಅತ್ತೆ ಬಗ್ಗಿ ನೋಡಿದರು. "ರೀ, ಬನ್ನಿ ಇಲ್ಲಿ. ಧೂಳು ಅಂದ್ಕೊಂಡಿದ್ದೆ. ಈ ಧೂಳು ನಡೀತಿದೆ."

ಮಾವ ಮಂಡಿಯೂರಿ ಕೂತರು. ನೋಡುತ್ತ ನೋಡುತ್ತ ಅವರ ಹುಬ್ಬು ಮೇಲೇರಿತು.

ಕಾರ್ಯಕರ್ತೆ ಅದೇ ಫೋಟೋವನ್ನು ಕೃಷಿ ಅಧಿಕಾರಿಗೂ ಕಳಿಸಿದಳು. ಅವರು ಕರೆ ಮಾಡಿ, ನುಸಿಯೇ ಹೌದೆಂದರು. ಮಾವನ ಔಷಧಿಯ ಹೆಸರು ಕೇಳಿ, "ಅದನ್ನ ಹೊಡೆದ್ರೆ ನುಸಿ ಸಾಯಲ್ಲ, ನುಸಿ ತಿನ್ನೋ ಒಳ್ಳೇ ಹುಳ ಸಾಯುತ್ತೆ," ಎಂದರು. ಕೆಟ್ಟ ಎಲೆ ಕಿತ್ತು ದೂರ ಹಾಕಿ, ಉಳಿದ ಎಲೆಗಳ ಕೆಳಮೈಗೆ ದಿನ ಬಿಟ್ಟು ದಿನ ಬರೀ ನೀರನ್ನು ಜೋರಾಗಿ ಹೊಡೆಯಲು ಹೇಳಿದರು. ಕಡಿಮೆಯಾಗದಿದ್ದರೆ ಮತ್ತೆ ಕೇಳಿ ಎಂದರು.

ಮಾವ ಪಂಪನ್ನು ಉಜ್ಜಿ ಉಜ್ಜಿ ತೊಳೆದು ಬರೀ ನೀರು ತುಂಬಿದರು. ಅದರ ಜನ್ಮದಲ್ಲೇ ಅದು ಮೊದಲ ಸಲ.

ಬಳ್ಳಿಯ ತುದಿಯಲ್ಲಿ ಹೊಸ ಎಲೆ ಹಸಿರಾಗಿ ಬಿಚ್ಚಿತು. ಮಿಡಿಗಳು ದಪ್ಪವಾದವು, ಬುಟ್ಟಿ ಸಂತೆಗೆ ಹೊರಟಿತು. ಈಗ ಯಾರ ಹೊಲದಲ್ಲಿ ಎಲೆ ಬಾಡಿದರೂ ಫೋನು ಹಿಡಿದು ಮುಂದೆ ಓಡುವವರು ಪಂಪ್ ಮಾವನೇ. ಅತ್ತೆ ಹಿಂದೆ ಬಂದರೆ ಒಂದೇ ಮಾತು: "ನೀನು ಬಾ. ಆ ಬಟ್ಟೆ ಮಾತ್ರ ಮನೇಲಿಡು."

ನಿಮ್ಮ ಹೊಲದಲ್ಲೂ ಎಲೆ ಮಂಕಾಗಿದೆಯೇ? ಔಷಧಿ ಕಲಸುವ ಮೊದಲು ಎಲೆ ಮಗುಚಿ ನೋಡಿ, ಇದ್ದದ್ದನ್ನು ಇದ್ದ ಹಾಗೇ ಫೋನಿಗೆ ತೋರಿಸಿ. ಅದೂ ತಪ್ಪಬಹುದು, ಆದ್ದರಿಂದ ಕೃಷಿ ಕಾರ್ಯಕರ್ತೆಯನ್ನೂ ಒಂದು ಮಾತು ಕೇಳಿ. ನಿಮ್ಮಲ್ಲಿ ಅಂಥ ಫೋನಿಲ್ಲವೇ? ಪಕ್ಕದ ಮನೆಯಲ್ಲಿರುತ್ತದೆ. ಇವತ್ತೇ ಹೋಗಿ ಬಾಗಿಲು ತಟ್ಟಿ.