ನಾಲ್ಕು ಕಿವಿಯ ರಟ್ಟಿನ ಡಬ್ಬಿ

ಶಹಾಬಾದಿನಲ್ಲಿ ರೈಲು ಹತ್ತುವಾಗ ರಟ್ಟಿನ ಡಬ್ಬಿಯೊಳಗೆ ಹನ್ನೆರಡು ಬಾಟಲಿ ನಿಂಬೆ ಶರಬತ್ತು. ಸೇಡಂನಲ್ಲಿ ಬಿಚ್ಚಿದರೆ ಹನ್ನೊಂದು. ಮೇಲಿನ ಅರಗಿನ ಮೊಹರು ಮಾತ್ರ ಒಂದು ಚೂರೂ ಬಿರುಕು ಬಿಟ್ಟಿರುತ್ತಿರಲಿಲ್ಲ. ಒಂದು ಸಲವಾದರೆ ಎಣಿಕೆ ತಪ್ಪಿತು ಅನ್ನಬಹುದು. ಇದು ಸಾಲಾಗಿ ನಾಲ್ಕನೇ ಗುರುವಾರ.

"ಬಾಟ್ಲಿಗಿ ಕಾಲ್ ಬಂದಾವೇನಲೇ ಅಂಬಾರಾಯ?" ಎಂದು ಕೇಳಿದರು ಶರಬತ್ತಿನ ಕಾರ್ಖಾನೆಯ ನಾಗೇಂದ್ರಪ್ಪ ಸಾವ್ಕಾರರು. "ಇನ್ನೊಂದ್ ಸಲ ಕಮ್ಮಿ ಬಂತಂದ್ರ ನಿನ್ನ ರಟ್ಟೂ ಬ್ಯಾಡ, ನೀನೂ ಬ್ಯಾಡ. ಮೊದಲಿನ ಕಟ್ಟಿಗಿ ಪೆಟ್ಟಿಗೀನೇ ಛಲೋ."

ಅಂಬಾರಾಯನಿಗೆ ಇಪ್ಪತ್ತೈದು ವಯಸ್ಸು. ತಹಸೀಲ್ ಕಚೇರಿಯ ಉರ್ದು ರಿಜಿಸ್ಟರುಗಳಿಗೆ ರಟ್ಟು ಕಟ್ಟುವುದು ಅವನ ಕಸುಬು. ಟೂರಿಂಗ್ ಟಾಕೀಸಿನಲ್ಲಿ ಒಂದೇ ಆಟವನ್ನು ಆರು ಸಲ ನೋಡುವುದು ಅವನ ಧರ್ಮ. ಕಟ್ಟಿಗೆ ಪೆಟ್ಟಿಗೆಯಲ್ಲಿ ಬಾಟಲಿ ಒಡೆಯುತ್ತವೆಂದು ಸಾವ್ಕಾರರು ಗೋಳಾಡಿದ ದಿನ, "ಫಿಕರ್ ಮಾಡಬ್ಯಾಡ್ರಿ, ಹೀರೋ ಬಂದಾನ" ಎಂದು ಎದೆ ತಟ್ಟಿಕೊಂಡು ಈ ಡಬ್ಬಿ ಮಾಡಿಕೊಟ್ಟವನು ಅವನೇ. ಈಗ ಡಬ್ಬಿ ಸೋತರೆ ಶಹಾಬಾದಿನ ಚಹಾದಂಗಡಿಗಳಲ್ಲಿ ಹೀರೋ ಜೋಕರ್ ಆಗುತ್ತಿದ್ದ.

ಸೇಡಂನಿಂದ ವಾಪಸು ಬಂದ ಖಾಲಿ ಡಬ್ಬಿಯನ್ನು ಅವನು ಪೊಲೀಸನು ಕಳ್ಳನ ಜೇಬು ತಡಕುವ ಹಾಗೆ ತಡಕಿದ. ಮೂರು ಪದರಿನ ರಟ್ಟಿನ ಗೋಡೆ. ಎಲ್ಲೂ ಕೊರೆದ ಗುರುತಿಲ್ಲ. ಒಳಗೆ ಅಡ್ಡಪಟ್ಟಿಗಳನ್ನು ಅರ್ಧರ್ಧ ಸೀಳಿ ಒಂದರೊಳಗೊಂದು ಕೂರಿಸಿದ ಹನ್ನೆರಡು ಖಾನೆ. ಬಾಟಲಿಗೆ ಬಾಟಲಿ ತಾಗುವಂತಿಲ್ಲ. ಮೇಲಿನ ಬಾಯಿಗೆ ಮೈದಾ ಅಂಟಿನ ಕಾಗದದ ಪಟ್ಟಿ, ಅದರ ಮೇಲೆ ಮೊಹರು. ರಿಜಿಸ್ಟರಿನ ಅಂಟಿಗಾದರೆ ಹುಳ ಬರದಂತೆ ಮೈಲುತುತ್ತ ಬೆರೆಸುತ್ತಿದ್ದ. ಕುಡಿಯುವ ಮಾಲಿನ ಹತ್ತಿರ ವಿಷ ಬೇಡವೆಂದು ಸಾವ್ಕಾರರೇ ತಡೆದಿದ್ದರು.

ಅವನ ಜಂಬವೆಲ್ಲ ತಳದಲ್ಲಿತ್ತು. ಶರಬತ್ತು ಸೋರಿದರೆ ಅಂಟು ನೆನೆದು ಬಿಡುತ್ತದೆಂದು ತಳಕ್ಕೆ ಅಂಟನ್ನೇ ಹಾಕಿರಲಿಲ್ಲ. ಒಳಕ್ಕೆ ಮಡಚುವ ರಟ್ಟಿನ ನಾಲ್ಕು ಕಿವಿಗಳು, ಒಂದರ ಕೆಳಗೆ ಇನ್ನೊಂದು, ನಾಲ್ಕನೆಯದು ಮತ್ತೆ ಮೊದಲಿನದರ ಕೆಳಗೆ. ಬಾಟಲಿಗಳ ಭಾರ ಬಿದ್ದಷ್ಟೂ ಬಿಗಿಯಾಗುವ ಬೀಗ. ಜಗ್ಗಿದರೆ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಡಬ್ಬಿಯೊಳಗೆ ಸೇಡಂನ ಅಂಗಡಿಯ ನರಸಿಂಹ ಬರೆದ ಚೀಟಿಯೂ ಇತ್ತು. 'ಒಂದು ಕಮ್ಮಿ. ಅಲ್ಲದೆ ನಿಂಬೆಯ ತಿರುಳೆಲ್ಲ ಬೂಚಿಗೆ ಹತ್ತಿಕೊಂಡು ಬರುತ್ತಿದೆ, ತಳದಲ್ಲಿ ಬರೀ ನೀರು.' ತಿರುಳಿನ ವಿಷಯ ಯಾರಿಗೆ ಬೇಕು ಎಂದು ಅಂಬಾರಾಯ ಚೀಟಿಯನ್ನು ಬದಿಗಿಟ್ಟ.

ಡಬ್ಬಿ ತಪ್ಪು ಮಾಡಿಲ್ಲ ಅಂದಮೇಲೆ ಮನುಷ್ಯನೇ ಮಾಡಿರಬೇಕು. ಗಾಡಿ ಬದಲಾಗುವುದು ವಾಡಿಯಲ್ಲಿ. ಅಲ್ಲಿ ಎರಡು ತಾಸು ಡಬ್ಬಿಗೆ ಕಾವಲು ಮುದಿ ಹಮಾಲ ಬಾಬುಮಿಯಾ.

"ಅವನೇರಿ ಸಾವ್ಕಾರ್ರ. ಭಾಳ ನಗ್ತಾನ ಆ ಮನಷ್ಯಾ. ಹಂಗ ನಗವ್ರೇ ಕಡೀ ರೀಲಿನ್ಯಾಗ ಸಿಕ್ಕಿ ಬೀಳ್ತಾರ."

"ಕಣ್ಣಾರೆ ನೋಡಿಯೇನು?"

"ಈ ಗುರುವಾರ ನೋಡ್ತೀನಿ. ನೀವು ಕಂಪ್ಲೇಂಟ್ ಬರದ್ ಕೊಡ್ರಿ. ಹಿಡದ ಕೂಡ್ಲೇ ಪಾರ್ಸಲ್ ಬಾಬು ಕೈಯಾಗ ಇಡ್ತೀನಿ."

ಸಾವ್ಕಾರರು ಬರೆದು, ಲಕೋಟೆಗೆ ಅಂಬಾರಾಯನ ಮೈದಾ ಅಂಟನ್ನೇ ಬಳಿದು ಕೊಟ್ಟರು. ಆ ಕಾಗದ ವಾಡಿ ಸ್ಟೇಷನ್ನಿನ ಪಾರ್ಸಲ್ ಬಾಬುವಿನ ಮೇಜಿಗೆ ಹೋದರೆ ಬಾಬುಮಿಯಾನ ತೋಳಿನ ಹಿತ್ತಾಳೆ ಬಿಲ್ಲೆ ಹೋದಂತೆಯೇ. ಬಿಲ್ಲೆ ಹೋದರೆ ಹೊಟ್ಟೆಪಾಡೂ ಹೋದಂತೆ.

ಗುರುವಾರ ಮಧ್ಯಾಹ್ನ ವಾಡಿ ಪ್ಲಾಟ್‌ಫಾರ್ಮಿನ ಬಿಸಿಲಿನಲ್ಲಿ ಕಂಬಳಿ ಹೊದ್ದು, ಮೂಗಿನವರೆಗೆ ರುಮಾಲು ಎಳೆದುಕೊಂಡು ಅಂಬಾರಾಯ ಮಲಗಿದ್ದ. ವೇಷ ಅಂದರೆ ವೇಷ. ಆ ಸುಡುವ ಬಿಸಿಲಲ್ಲಿ ಕಂಬಳಿ ಹೊದ್ದ ಒಬ್ಬನೇ ಮನುಷ್ಯನನ್ನು ಇಡೀ ಸ್ಟೇಷನ್ ನೋಡುತ್ತಿತ್ತು. ಅವನು ನೋಡುತ್ತಿದ್ದದ್ದು ಬಾಬುಮಿಯಾನನ್ನು ಮಾತ್ರ.

ಬಾಬುಮಿಯಾ ಡಬ್ಬಿಯನ್ನು ತಲೆಯ ಮೇಲೆ ತಂದು ನೆರಳಿನಲ್ಲಿ ಇಳಿಸಿದ. ಆಚೆ ಈಚೆ ನೋಡಿದ. 'ನೋಡಿದನಾ? ಕಳ್ಳನೋಟ!' ಎಂದುಕೊಂಡ ಅಂಬಾರಾಯ. ಆಮೇಲೆ ಮುದುಕ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆಕೆಳಗು ಮಾಡಿ, ಮೊಹರು ನೆಲಕ್ಕೆ ತಾಗುವಂತೆ ಇಟ್ಟ. ಈಗ ಮೇಲೆ ಬಂದದ್ದು ನಾಲ್ಕು ಕಿವಿಗಳು. ಭಾರವಿಲ್ಲದೆ ಅವು ಆಗಲೇ ಅರ್ಧ ನಿಮಿರಿದ್ದವು. ಬಾಬುಮಿಯಾ ಒಂದೇ ಬೆರಳಿನಿಂದ ಒಂದು ಕಿವಿ ಎತ್ತಿದ, ಉಳಿದ ಮೂರೂ ತಾವಾಗಿಯೇ ತೆರೆದುಕೊಂಡವು. ಕೈ ಒಳಗೆ ಹೋಯಿತು. ಬಾಟಲಿ ಹೊರಗೆ ಬಂತು.

ಅಂಬಾರಾಯ ಕಂಬಳಿ ಎಸೆದು ಹಾರಿದ.

"ಖಬರ್ದಾರ್! ಹಿಲನಾ ಮತ್! ತುಮ್ಹಾರಾ ಖೇಲ್ ಖತಂ!"

ಪರದೆಯ ಮೇಲಾದರೆ ಇಲ್ಲಿ ಖಳನಾಯಕ ಬೆವರಬೇಕು. ಬಾಬುಮಿಯಾನಿಗೆ ತನ್ನ ಪಾರ್ಟು ಗೊತ್ತಿರಲಿಲ್ಲ.

"ಅರೆ ಅಂಬಾರಾಯ! ಆ ಕಂಬಳಿಯಾಗ ನೀನಾ? ಯಾರೋ ಜ್ವರದವನು ಅಂತ ಮಾಡಿದ್ದೆ. ಬಾ ಬೇಟಾ, ಕುಂದ್ರು. ಅರ್ಧಾ ನಿನಗ."

"ನಗಬ್ಯಾಡ ಚಾಚಾ! ಡಬ್ಬಿ ಯಾಕ ಬೋರ್ಲ ಹಾಕ್ದಿ?"

ಬಾಬುಮಿಯಾ ಗೋಡೆಯ ಕಡೆ ಗಲ್ಲ ತೋರಿಸಿದ. ಅಲ್ಲಿ ಮೂರು ಆಡುಗಳು ಸಿನೆಮಾ ಪೋಸ್ಟರನ್ನು ಕಿತ್ತು ತಿನ್ನುತ್ತಿದ್ದವು. ಹೀರೋಯಿನ್ನಿನ ಅರ್ಧ ಸೀರೆ ಆಗಲೇ ಮುಗಿದಿತ್ತು.

"ನಿನ್ನ ಅಂಟು ಅವಕ್ಕ ಹುಗ್ಗಿ ಇದ್ದಂಗ. ಮೊದಲನೇ ದಿನಾನೇ ಮೊಹರಿಗಿ ಬಾಯಿ ಹಾಕ್ಲಿಕತ್ತಿದ್ವು. ಮೊಹರು ಹ್ವಾದ್ರ ನನ್ನ ಬಿಲ್ಲಿ ಹೋಗ್ತದ. ಅದಕ್ಕ ಬೋರ್ಲ ಹಾಕ್ತೀನಿ. ಸೇಡಂ ಗಾಡಿಗೂ ಹಂಗೇ ಏರಸ್ತೀನಿ."

ನರಸಿಂಹನ ಚೀಟಿ ಅಂಬಾರಾಯನಿಗೆ ಆಗ ನೆನಪಾಯಿತು. ತಿರುಳು ಬೂಚಿಗೆ ಇಳಿದದ್ದು ಸುಮ್ಮನೆ ಅಲ್ಲ. ಡಬ್ಬಿ ತಲೆ ಕೆಳಗಾಗಿಯೇ ಊರು ಮುಟ್ಟುತ್ತಿತ್ತು. ಆದರೂ ಅನುಮಾನ ಬಿಡಲಿಲ್ಲ.

"ಹಂಗಾದ್ರ ಬಾಟ್ಲಿ? ಅದನ್ನೂ ಆಡು ಕೇಳ್ತೇನು?"

"ಬಾಟ್ಲಿ ನಂದಲ್ಲೇನೋ?" ಮುದುಕನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಕಟ್ಟಿಗಿ ಪೆಟ್ಟಿಗಿ ಇದ್ದಾಗ ಮ್ಯಾಲ ಹುಲ್ಲಿನ್ಯಾಗ ಒಂದು ಬಾಟ್ಲಿ ಇಡ್ತಿದ್ರು, ವಾಡಿ ಹಮಾಲನ ಮಾಮೂಲು. ನಿಮ್ಮ ಸಾವ್ಕಾರರ ಅಪ್ಪನ ಕಾಲದಿಂದ. ಹೊಸಾ ಡಬ್ಬಿ ಬಂದಾಗ ಹುಲ್ಲಿಲ್ಲ, ಬಾಟ್ಲಿ ಕಾಣವಲ್ದು. ಬೋರ್ಲ ಹಾಕಿದ ಮ್ಯಾಲ ತಿಳೀತು. ಸಾವ್ಕಾರ ಭಾಳ ಶಾಣ್ಯಾ! ನಮ್ಮ ಪಾಲಿಗಂತ ಅಲಗ್ ದರ್ವಾಜಾನೇ ಇಡಸ್ಯಾನ. ಮೊಹರು ಒಡಿಯೋದಿಲ್ಲ, ಪಟ್ಟಿ ಹರಿಯೋದಿಲ್ಲ. ಯಾರು ಮಾಡ್ಯಾರೋ, ಅವರ ಕೈಗಿ ಬಂಗಾರದ ಕಡಗ ಹಾಕ್ಬೇಕು."

ಮೊಹರು ಹಾಕಿದ ಪೆಟ್ಟಿಗೆಗೆ ಬಾಗಿಲು ಇಟ್ಟವನು ಬಾಯಿ ತೆರೆದು ನಿಂತಿದ್ದ. ಹನ್ನೆರಡು ಖಾನೆ ಮಾಡು ಅಂದಿದ್ದರು, ಮಾಡಿದ್ದ. ಹದಿಮೂರನೆಯ ಬಾಟಲಿಯ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

"ಹಿಂದಿನ ನಾಕು ಖಾಲಿ ಬಾಟ್ಲಿ ತೊಳದು ಇಟ್ಟೀನಿ," ಎಂದು ಬಾಬುಮಿಯಾ ಬೆಂಚಿನ ಕೆಳಗಿನಿಂದ ಗೋಣಿಚೀಲ ಎಳೆದ. "ಹೋಗಾಗ ಒಯ್ಯಿ. ಅದೇನದು, ಜೇಬಿನ್ಯಾಗ ಲಕೋಟಿ? ಬಾಬುಗೇನು? ಕೊಡು, ನಾನೇ ಮುಟ್ಟಸ್ತೀನಿ."

ಮುದುಕ ಕೈ ಚಾಚಿದ. ಬಿಲ್ಲೆ ಬಿಸಿಲಿಗೆ ಹೊಳೆಯಿತು. ಕೊಟ್ಟರೆ ಡಬ್ಬಿಗೆ ಕಳಂಕವಿಲ್ಲ, ಹೀರೋ ಹೀರೋ ಆಗಿಯೇ ಉಳಿಯುತ್ತಾನೆ. ಅಂಬಾರಾಯ ಆರು ಸಲ ನೋಡಿದ ಯಾವ ಆಟದ ಡೈಲಾಗೂ ಈ ಜಾಗಕ್ಕೆ ಹೊಂದಲಿಲ್ಲ.

"ಇದು ಬಾಬುಗಲ್ಲ ಚಾಚಾ," ಎಂದ. ನಾಲ್ಕು ಹೆಜ್ಜೆ ನಡೆದು ಕರಿ ಆಡಿನ ಮುಂದೆ ಲಕೋಟೆ ಹಿಡಿದ. ಆಡು ಮೊದಲು ಅಂಟು ನೆಕ್ಕಿತು. ಆಮೇಲೆ ಬಾಬುಮಿಯಾನ ಹೆಸರು, ಸಾವ್ಕಾರರ ಸಹಿ, ತಾರೀಖು, ಎಲ್ಲವನ್ನೂ ನುಂಗಿತು.

ಸಂಜೆ ಶಹಾಬಾದಿನಲ್ಲಿ ಸಾವ್ಕಾರರು ಕಾಯುತ್ತಿದ್ದರು.

"ಕಂಪ್ಲೇಂಟ್ ಕೊಟ್ಟಿ?"

"ಕೊಟ್ಟೀನ್ರಿ. ತಗೊಂಡವರು ಭಾಳ ಖುಷಿಯಿಂದ ತಗೊಂಡ್ರು."

"ಕಳ್ಳ ಸಿಕ್ಕನೇನು?"

"ಇಬ್ಬರು ಸಿಕ್ಕಾರ್ರಿ." ಅಂಬಾರಾಯ ತೊಳೆದ ಬಾಟಲಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. "ಹಮಾಲನ ಮಾಮೂಲು ತಿಂದವ ಒಬ್ಬ, ಅವನ ಅಪ್ಪಗ ಗೊತ್ತಿತ್ತು, ಅವನಿಗಿ ಮರೆತದ. ಇನ್ನೊಬ್ಬ ಆಡಿಗಿ ಹುಗ್ಗಿಯಂಥ ಅಂಟು ಬಳದು, ತಳಕ್ಕ ಬಾಗಿಲಿಟ್ಟವ. ಅಂವ ನಾನೇ."

ಎಲ್ಲ ಕೇಳಿದ ಮೇಲೆ ಸಾವ್ಕಾರರು ತೊಳೆದ ಬಾಟಲಿಯೊಂದನ್ನು ಎತ್ತಿ ತಿರುಗಿಸಿ ನೋಡಿದರು. ಹುಲ್ಲಿನೊಳಗಿನ ಬಾಟಲಿ ಅವರಿಗೆ ನೆನಪಾಗಿತ್ತು, ಮುಖವೇ ಹೇಳುತ್ತಿತ್ತು.

ಮುಂದಿನ ಗುರುವಾರದ ಡಬ್ಬಿಯ ಅಂಟಿನಲ್ಲಿ ಬೇವಿನ ರಸವಿತ್ತು, ತಳದ ಮೇಲೆ ಅಡ್ಡಲಾಗಿ ಒಂದು ಪಟ್ಟಿ, ಪಕ್ಕದಲ್ಲಿ ಒಂದೇ ಬಾಟಲಿ ಹಿಡಿಯುವ ರಟ್ಟಿನ ಜೇಬು. ಸಾವ್ಕಾರರು ಅಂಟನ್ನು ಮೂಸಿದರು. ಕಿವಿಗಳನ್ನು ಜಗ್ಗಿದರು. ತಾವೇ ಡಬ್ಬಿಯನ್ನು ಬೋರಲು ಹಾಕಿ ಮತ್ತೆ ಜಗ್ಗಿದರು. ಕೊನೆಗೆ ಜೇಬಿನೊಳಗೆ ಒಂದು ಬಾಟಲಿ ಇಳಿಸಿ, ಅಂಬಾರಾಯನನ್ನು ಮೇಲಿಂದ ಕೆಳಗೆ ನೋಡಿದರು.

"ನಿಂದೂ ಏನರ ಮಾಮೂಲು ಅದ ಏನಲೇ? ಇದ್ರ ಈಗೇ ಹೇಳು."